ಸ್ಯಾಮ್ ಐಡೆಯ ಹೆಸರಿನಲ್ಲಿ ಒಂದು ದಿನ: ನೋಟೊಡ್ಡೆನ್ ಮತ್ತು ರ್ಯೂಕಾನ್ ಮಾರ್ಗದರ್ಶಿ ಪ್ರವಾಸದ ವಿಮರ್ಶೆ

ಆಸ್ಲೋದಿಂದ ಬೆಳಿಗ್ಗೆ ಹೊರಟು, ನಾರ್ವೆಯ ತೆಲೆಮಾರ್ಕ್ ಪ್ರಾಂತ್ಯದ ನೋಟೊಡ್ಡೆನ್ ಮತ್ತು ರ್ಯೂಕಾನ್ ಎಂಬ ಎರಡು ಕೈಗಾರಿಕಾ ಪಟ್ಟಣಗಳನ್ನು ತೋರಿಸಿ, ರಾತ್ರಿಯೊಳಗೆ ಮರಳಿ ಕರೆತರುವ ಮಾರ್ಗದರ್ಶಿ ಪ್ರವಾಸವೊಂದಕ್ಕೆ ಅಕ್ಟೋಬರ್ ಕೊನೆಯ ಶನಿವಾರ ಹೋಗಿ ಬಂದೆ. ಸ್ಯಾಮ್ ಐಡೆ ಎಂಬ ಎಂಜಿನಿಯರ್ ಹೇಗೆ ಉದ್ಯಮಿಯಾಗಿ ಬೆಳೆದ, ಒಂದು ದೇಶದ ಕೈಗಾರಿಕೆಗೆ ಹೇಗೆ ಬುನಾದಿ ಹಾಕಿದ ಎಂಬುದನ್ನು ಅವನು ನಡೆದಾಡಿದ ಜಾಗಗಳಲ್ಲೇ ನಿಲ್ಲಿಸಿ ಹೇಳುತ್ತೇವೆ ಎಂದು ಪ್ರವಾಸದ ಕರಪತ್ರ ಭರವಸೆ ಕೊಟ್ಟಿತ್ತು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಂದೇ ದಿನದ ಅನುಭವದಿಂದ ಹುಟ್ಟಿದ ದೂರುಗಳನ್ನು ಯಾರದೋ ಹೆಸರಿಗೆ ಶಾಶ್ವತವಾಗಿ ಅಂಟಿಸುವುದು ನ್ಯಾಯವಲ್ಲ ಎಂಬುದು ಒಂದು ಕಾರಣ. ಇಂಥ ಪ್ರವಾಸಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಇದೇ ಪ್ರಶ್ನೆಗಳು ಏಳುತ್ತವೆ ಎಂಬುದು ಇನ್ನೊಂದು. ಹದಿನಾಲ್ಕು ಜನರ ಚಿಕ್ಕ ಬಸ್ಸು, ಇಂಗ್ಲಿಷ್ ಬಲ್ಲ ಒಬ್ಬ ಯುವ ಮಾರ್ಗದರ್ಶಿ, ಮಧ್ಯಾಹ್ನದ ಊಟ, ವಸ್ತುಸಂಗ್ರಹಾಲಯದ ಟಿಕೆಟ್ ಇವೆಲ್ಲ ಶುಲ್ಕದಲ್ಲಿ ಸೇರಿದ್ದವು. ಶುಲ್ಕ ಮಾತ್ರ ಕಡಿಮೆಯದಲ್ಲ. ಆಸ್ಲೋದಲ್ಲಿ ಇಬ್ಬರು ಮೂರು ಬಾರಿ ಒಳ್ಳೆಯ ಹೋಟೆಲಿನಲ್ಲಿ ಊಟ ಮಾಡಬಹುದಾದಷ್ಟು ಹಣ.

ನಾನು ಹೋದದ್ದಕ್ಕೆ ಕಾರಣ ಒಂದು ಗೊಬ್ಬರದ ಚೀಲ. ಕೋಲಾರ ಜಿಲ್ಲೆಯ ನಮ್ಮ ಮನೆಯಲ್ಲಿ ಟೊಮೇಟೊ ಬೆಳೆಯುತ್ತೇವೆ. ಕಾಯಿಯ ತುದಿ ಕಪ್ಪಾಗಿ ಕೊಳೆಯುವ ರೋಗ ಬಂದಾಗಲೆಲ್ಲ ಡ್ರಿಪ್ಪಿನಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಬಿಡುವುದು ನಮ್ಮ ಕಡೆಯ ರೂಢಿ. ಆ ಚೀಲಗಳಲ್ಲಿ ಕೆಲವುಗಳ ಮೇಲೆ ಯಾರಾ ಎಂಬ ಹೆಸರೂ ಹಾಯಿ ಬಿಚ್ಚಿದ ಹಡಗಿನ ಚಿತ್ರವೂ ಇರುತ್ತವೆ. ಆ ಸಂಸ್ಥೆ ನಾರ್ಸ್ಕ್ ಹೈಡ್ರೋದಿಂದ 2004ರಲ್ಲಿ ಬೇರ್ಪಟ್ಟದ್ದು. ನಾರ್ಸ್ಕ್ ಹೈಡ್ರೋವನ್ನು 1905ರಲ್ಲಿ ಕಟ್ಟಿದವನು ಐಡೆ. ಆ ಕಾರ್ಖಾನೆ ಮೊಟ್ಟಮೊದಲು ಮಾರಿದ ಸರಕೂ ಕ್ಯಾಲ್ಸಿಯಂ ನೈಟ್ರೇಟೇ. ನಮ್ಮ ಹೊಲದ ಪೈಪಿನಲ್ಲಿ ಹರಿಯುವ ವಸ್ತು ಮೊದಲು ಯಾವ ಕಣಿವೆಯಲ್ಲಿ ತಯಾರಾಯಿತೆಂದು ನೋಡಬೇಕೆನಿಸಿ ಟಿಕೆಟ್ ಕೊಂಡೆ. ಆದ್ದರಿಂದ ಈ ವಿಮರ್ಶೆ ಸುಮ್ಮನೆ ಬೆಟ್ಟ, ಹಿಮ ನೋಡಲು ಹೋದವನದಲ್ಲ. ಆ ಮನುಷ್ಯನ ಜೀವನವನ್ನು ತಿಳಿಯಲೆಂದು ಹಣ ಕೊಟ್ಟವನು, ಕೊಟ್ಟ ಹಣಕ್ಕೆ ಏನು ಸಿಕ್ಕಿತೆಂದು ಲೆಕ್ಕ ಒಪ್ಪಿಸುವ ಬರಹ ಎಂದು ಓದಿಕೊಳ್ಳಬೇಕು.

ಆಸ್ಲೋದಿಂದ ನೋಟೊಡ್ಡೆನ್‌ಗೆ ಸುಮಾರು ಎರಡು ಗಂಟೆಯ ಹಾದಿ. ಐಡೆಯ ಬಾಲ್ಯ ಮತ್ತು ಯೌವನವನ್ನು ಮಾರ್ಗದರ್ಶಿ ಈ ಹಾದಿಯಲ್ಲಿ ಹತ್ತೇ ನಿಮಿಷದಲ್ಲಿ ಮುಗಿಸಿದರು. 1866ರಲ್ಲಿ ದಕ್ಷಿಣ ಕರಾವಳಿಯ ಆರೆಂಡಾಲ್‌ನಲ್ಲಿ ಹುಟ್ಟಿದ, ತಂದೆ ಹಡಗುಗಳ ಒಡೆಯ, ಬರ್ಲಿನ್ನಿನ ಶಾರ್ಲೊಟನ್‌ಬುರ್ಗ್ ತಾಂತ್ರಿಕ ವಿದ್ಯಾಲಯದಲ್ಲಿ ಕಟ್ಟಡ ಎಂಜಿನಿಯರಿಂಗ್ ಓದಿ 1891ರಲ್ಲಿ ಪದವಿ ಪಡೆದ, ಹ್ಯಾಂಬರ್ಗಿನಲ್ಲಿ ಕೆಲಸ ಮಾಡಿದ. ಇಷ್ಟು ಹೇಳಿ, ಕಿಟಕಿಯಾಚೆಯ ಕಾಡಿನ ಬಗ್ಗೆ ಮಾತು ಶುರುವಾಯಿತು. ಬಿಟ್ಟುಹೋದದ್ದೇ ಹೆಚ್ಚು ಮುಖ್ಯವಾದದ್ದು. ಗ್ಲೈಮ್ ಎಂಬ ಜರ್ಮನ್ ಎಂಜಿನಿಯರನ ಜೊತೆ ಪಾಲುದಾರಿಕೆಯಲ್ಲಿ ಐಡೆ ನಡೆಸಿದ ಕಚೇರಿ, ರೈಲು ನಿಲ್ದಾಣ ಮತ್ತು ಬಂದರುಗಳ ವಿನ್ಯಾಸ ಸ್ಪರ್ಧೆಗಳಲ್ಲಿ ಗೆದ್ದು, ಕ್ರಿಸ್ಟಿಯಾನಿಯಾ (ಆಸ್ಲೋದ ಅಂದಿನ ಹೆಸರು) ಮತ್ತು ಸ್ಟಾಕ್‌ಹೋಮ್‌ಗಳಲ್ಲಿ ಶಾಖೆ ತೆರೆದು, ಸ್ಕ್ಯಾಂಡಿನೇವಿಯಾದ ದೊಡ್ಡ ಎಂಜಿನಿಯರಿಂಗ್ ಕಚೇರಿಗಳಲ್ಲಿ ಒಂದಾಗಿ ಬೆಳೆದಿತ್ತು. 1895ರಲ್ಲಿ ಸ್ವೀಡನ್ನಿನ ಮೋರ್ನರ್ ಎಂಬ ಕುಲೀನ ಮನೆತನದ ಹೆಣ್ಣನ್ನು ಮದುವೆಯಾದ ಮೇಲೆ ಸ್ಟಾಕ್‌ಹೋಮಿನ ಹಣವಂತರ ಮನೆಗಳ ಬಾಗಿಲು ಅವನಿಗೆ ತೆರೆಯಿತು. ಮೂವತ್ತೈದರ ಹೊತ್ತಿಗೆ ಅವನ ಬಳಿ ಇದ್ದ ನಿಜವಾದ ಆಸ್ತಿ ಈ ಪರಿಚಯಗಳೇ. ಮುಂದೆ ಜಲಪಾತಗಳನ್ನು ಕೊಳ್ಳಲು ಹಣ ಎಲ್ಲಿಂದ ಬಂತೆಂಬುದು ಇದನ್ನು ಹೇಳದೆ ಅರ್ಥವಾಗುವುದಿಲ್ಲ. ಸಹಪ್ರಯಾಣಿಕರೊಬ್ಬರು ಆ ಪ್ರಶ್ನೆಯನ್ನೇ ಕೇಳಿದರು. "ಅವನು ತುಂಬಾ ಧೈರ್ಯವಂತನಾಗಿದ್ದ" ಎಂಬ ಉತ್ತರ ಸಿಕ್ಕಿತು.

ನೋಟೊಡ್ಡೆನ್‌ನಲ್ಲಿ ಪ್ರವಾಸದ ಗುಣಮಟ್ಟ ಒಮ್ಮೆಲೇ ಏರಿತು. ಅಲ್ಲಿ ಎರಡು ಗಂಟೆ ಕಾಲ ನಮ್ಮನ್ನು ಸ್ಥಳೀಯರೊಬ್ಬರ ಕೈಗೆ ಒಪ್ಪಿಸಿದರು. ಎಪ್ಪತ್ತು ದಾಟಿದ ಹೆಂಗಸು, ಮೆಲುದನಿ, ಕೈಯಲ್ಲಿ ಹಾಳೆಯಿಲ್ಲ. ಹಳೆಯ ಹೈಡ್ರೋ ಕಾರ್ಖಾನೆಯ ಆವರಣದಲ್ಲಿ ಇಟ್ಟಿಗೆಯ ಕಟ್ಟಡಗಳ ನಡುವೆ ನಿಲ್ಲಿಸಿ, ಅವರು ಮೊದಲು ಮಾಡಿದ ಕೆಲಸವೆಂದರೆ ಪರ್ಸಿನಿಂದ ಒಂದು ಹಳೆಯ 200 ಕ್ರೋನ್ ನೋಟನ್ನು ತೆಗೆದು ಕೈಯಿಂದ ಕೈಗೆ ದಾಟಿಸಿದ್ದು. ಅದರ ಮೇಲೆ ಕನ್ನಡಕ ಹಾಕಿದ ಒಬ್ಬ ಮನುಷ್ಯನ ಮುಖವಿತ್ತು. "ಇವನು ಐಡೆ ಅಲ್ಲ" ಎಂದರು. ಅದು ಭೌತವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಾಂಡ್. 1994ರಲ್ಲಿ ಬಂದ ಆ ನೋಟು ಎರಡು ದಶಕಕ್ಕೂ ಹೆಚ್ಚು ಕಾಲ ಚಲಾವಣೆಯಲ್ಲಿತ್ತು. ಈಗ ಅಂಗಡಿಯಲ್ಲಿ ತೆಗೆದುಕೊಳ್ಳುವುದಿಲ್ಲ. ರ್ಯೂಕಾನ್‌ನ ಚೌಕದಲ್ಲಿ ಒಬ್ಬನ ಪ್ರತಿಮೆ, ನೋಟಿನ ಮೇಲೆ ಇನ್ನೊಬ್ಬನ ಮುಖ. ಕಥೆ ಇವರಿಬ್ಬರದು ಎಂದು ಅವರು ಆರಂಭಿಸಿದ ರೀತಿಗೇ ಅರ್ಧ ಟಿಕೆಟ್ಟಿನ ಹಣ ಸಂದಾಯವಾಯಿತೆಂದು ನನ್ನ ಅಭಿಪ್ರಾಯ.

ಅವರು ಹೇಳಿದ್ದರ ಸಾರ ಹೀಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯೂರೋಪಿನ ಹೊಲಗಳು ಚಿಲಿ ದೇಶದ ಮರುಭೂಮಿಯಿಂದ ಬರುವ ಸೋಡಿಯಂ ನೈಟ್ರೇಟನ್ನು ನೆಚ್ಚಿಕೊಂಡಿದ್ದವು. ಆ ನಿಕ್ಷೇಪ ಮುಗಿದರೆ ಗೋಧಿ ತಿನ್ನುವ ಜನರಿಗೆ ಹಸಿವು ತಪ್ಪದೆಂದು ಬ್ರಿಟಿಷ್ ವಿಜ್ಞಾನಿ ವಿಲಿಯಂ ಕ್ರೂಕ್ಸ್ 1898ರಲ್ಲಿ ಬ್ರಿಸ್ಟಲ್‌ನಲ್ಲಿ ಎಚ್ಚರಿಸಿದ ಮೇಲೆ, ಗಾಳಿಯಲ್ಲಿ ಧಾರಾಳವಾಗಿರುವ ಸಾರಜನಕವನ್ನು ಗೊಬ್ಬರವಾಗಿ ಹಿಡಿಯುವುದು ಹೇಗೆಂಬುದು ವಿಜ್ಞಾನಿಗಳ ದೊಡ್ಡ ಪ್ರಶ್ನೆಯಾಯಿತು. ಮಿಂಚು ಹೊಡೆದಾಗ ಗಾಳಿಯಲ್ಲಿ ಆಗುವ ಕೆಲಸವನ್ನು ಕಾರ್ಖಾನೆಯಲ್ಲಿ ಮಾಡಿಸಲು ಅಪಾರ ವಿದ್ಯುತ್ ಬೇಕು. ಜಲಪಾತಗಳ ಹಕ್ಕನ್ನು ಕೊಳ್ಳಲು ಹೊರಟಿದ್ದ ಐಡೆಗೆ ವಿದ್ಯುತ್ತನ್ನು ನುಂಗುವ ಒಂದು ಉದ್ಯಮ ಬೇಕಿತ್ತು. 1903ರ ಫೆಬ್ರವರಿಯಲ್ಲಿ ರಾಜಕಾರಣಿ ಹಾಗೂ ಉದ್ಯಮಿ ಗುನ್ನಾರ್ ಕ್ನುಡ್‌ಸೆನ್‌ನ ಮನೆಯ ಔತಣದಲ್ಲಿ ಅವನ ಪಕ್ಕ ಕುಳಿತದ್ದು ಬಿರ್ಕೆಲಾಂಡ್. ಬಿರ್ಕೆಲಾಂಡನಿಗೆ ಉತ್ತರ ಧ್ರುವಪ್ರಭೆಯ ಹುಚ್ಚು. ಅದರ ಸಂಶೋಧನೆಗೆ ಹಣ ಹೊಂದಿಸಲೆಂದು ವಿದ್ಯುತ್ಕಾಂತದಿಂದ ಗುಂಡು ಹಾರಿಸುವ ಫಿರಂಗಿಯನ್ನು ಮಾಡಹೊರಟಿದ್ದ. ಅದನ್ನು ಜನರೆದುರು ತೋರಿಸುವಾಗ ಶಾರ್ಟ್ ಸರ್ಕ್ಯೂಟ್ ಆಗಿ ಭಾರಿ ಸದ್ದಿನೊಡನೆ ಬೆಂಕಿಯ ಕಮಾನು ಎದ್ದಿತು, ಸಭಿಕರು ಓಡಿದರು. ಭೂಮಿಯ ಮೇಲಿನ ಅತಿ ದೊಡ್ಡ ಮಿಂಚು ತನಗೆ ಬೇಕೆಂದು ಐಡೆ ಹೇಳಿದ್ದೂ, ಅದನ್ನು ನಾನು ಮಾಡಿಕೊಡಬಲ್ಲೆ ಎಂದು ಬಿರ್ಕೆಲಾಂಡ್ ಉತ್ತರಿಸಿದ್ದೂ ನಾರ್ವೆಯಲ್ಲಿ ಎಲ್ಲರೂ ಹೇಳುವ ಕಥೆ. ಅದರಲ್ಲಿ ಎಷ್ಟು ಉಪ್ಪುಖಾರ ಸೇರಿದೆಯೋ, ನಮಗೆ ಊರು ತೋರಿಸುತ್ತಿದ್ದ ಆ ಅಜ್ಜಿ ಮಾತ್ರ ಅದನ್ನು ಹೇಳಿ ಮುಗಿಸಿ ಸಣ್ಣಗೆ ನಕ್ಕರು.

ಆ ಮಿಂಚನ್ನು ಹುಟ್ಟಿಸುತ್ತಿದ್ದ ಕುಲುಮೆಯ ಎದುರು ಕಳೆದ ಅರ್ಧ ಗಂಟೆಯೇ ಈ ಪ್ರವಾಸದ ಅತ್ಯುತ್ತಮ ಭಾಗ. ಹೊರಗಿನಿಂದ ಅದು ದಪ್ಪ ಕಬ್ಬಿಣದ ತಿರುಗಣಿಯಂತೆ, ಎರಡು ಕಡೆ ಕಾಂತದ ಗಡ್ಡೆ ಹೊತ್ತು ನಿಂತಿದೆ. ಒಳಗೆ ಎದುರುಬದುರಾಗಿ ಎರಡು ತಾಮ್ರದ ಕೊಳವೆಗಳು. ಕರಗದಿರಲೆಂದು ಅವುಗಳೊಳಗೆ ನೀರು ಹರಿಯುತ್ತದೆ. ಅವುಗಳ ತುದಿಗಳ ನಡುವೆ ಕಿಡಿ ಹೊತ್ತಿದಾಗ ಕಾಂತಕ್ಷೇತ್ರ ಆ ಕಿಡಿಯನ್ನು ಎರಡೂ ಬದಿಗೆ ಎಳೆದು, ಆಳೆತ್ತರಕ್ಕೂ ಮೀರಿದ ಉರಿಯುವ ತಟ್ಟೆಯಾಗಿ ಹರಡುತ್ತದೆ. ಇಟ್ಟಿಗೆಯ ಗೋಡೆಗಳ ನಡುವಿನ ಸಣ್ಣ ಸಂದಿಯಲ್ಲಿ 3000 ಡಿಗ್ರಿ ಸೆಲ್ಸಿಯಸ್ ಸುಮಾರಿನ ಆ ತಟ್ಟೆಯ ಮೂಲಕ ಗಾಳಿಯನ್ನು ನೂಕಿದರೆ ಹೊರಬರುವ ಅನಿಲದಲ್ಲಿ ನೈಟ್ರಿಕ್ ಆಕ್ಸೈಡ್ ಬರಿಯ ಎರಡು ಪಾಲು, ನೂರಕ್ಕೆ. ಅದನ್ನು ತಣಿಸಿ, ಗ್ರಾನೈಟ್ ಕಲ್ಲಿನ ಎತ್ತರದ ಗೋಪುರಗಳಲ್ಲಿ ಮೇಲಿನಿಂದ ಇಳಿಯುವ ನೀರಿಗೆ ಹೀರಿಸಿದರೆ ನೈಟ್ರಿಕ್ ಆಮ್ಲ. ಆಮ್ಲಕ್ಕೆ ಸುಣ್ಣಕಲ್ಲು ಹಾಕಿದರೆ ಕ್ಯಾಲ್ಸಿಯಂ ನೈಟ್ರೇಟ್. 1905ರ ಮೇ ತಿಂಗಳಲ್ಲಿ ನೋಟೊಡ್ಡೆನ್‌ನಲ್ಲಿ ಉತ್ಪಾದನೆ ಆರಂಭವಾದಾಗ ಅದನ್ನು ನಾರ್ವೆಯ ಪೆಟ್ಲುಪ್ಪು ಎಂದು ಮಾರಿದರು. ಆ ಗೊಬ್ಬರದಲ್ಲಿ ಸಾರಜನಕ ಸುಮಾರು 13%. ನಮ್ಮ ಮನೆಯ ಚೀಲದ ಮೇಲೆ ಇಂದು 15.5% ಎಂದಿರುತ್ತದೆ.

ಅಲ್ಲಿ ಗೋಡೆಯ ಮೇಲಿದ್ದ ಒಂದು ಹಳೆಯ ಚಿತ್ರದಲ್ಲಿ ಸಾಲಾಗಿ ಜೋಡಿಸಿದ ಮರದ ಪೀಪಾಯಿಗಳಿದ್ದವು. ಗೊಬ್ಬರಕ್ಕೆ ಪೀಪಾಯಿ ಏಕೆಂದು ಗುಂಪಿನಲ್ಲಿ ಯಾರೋ ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಮಳೆಗಾಲದಲ್ಲಿ ಬಾಯಿ ಕಟ್ಟದೆ ಬಿಟ್ಟ ಕ್ಯಾಲ್ಸಿಯಂ ನೈಟ್ರೇಟ್ ಚೀಲ ಎರಡು ದಿನದಲ್ಲಿ ಹೇಗೆ ಬೆಲ್ಲದ ಪಾಕದಂತೆ ನೀರೊಡೆದು ನೆಲಕ್ಕೆ ಅಂಟುತ್ತದೆಂದು, ಅದಕ್ಕಾಗಿ ಅಪ್ಪನಿಂದ ಬೈಸಿಕೊಂಡವನಿಗೆ ಚೆನ್ನಾಗಿ ಗೊತ್ತು. ಗಾಳಿಯ ತೇವವನ್ನು ಹೀರುವ ಈ ಉಪ್ಪನ್ನು ಹಡಗಿನಲ್ಲಿ ದೂರದ ಊರುಗಳಿಗೆ ಸಾಗಿಸಬೇಕಾದರೆ ಬಿಗಿಯಾದ ಮರದ ಪೀಪಾಯಿಯೇ ಬೇಕಿತ್ತು. ನಾನು ಇದನ್ನು ಹೇಳಿದಾಗ ಅಜ್ಜಿಯ ಮುಖ ಅರಳಿತು. ಅವರ ಅಜ್ಜ ಪೀಪಾಯಿ ಕಟ್ಟುವ ಕೆಲಸದಲ್ಲಿದ್ದವರಂತೆ. ಇಂಥ ಮಾತುಕತೆಗೆ ಜಾಗ ಬಿಡುವ ಪ್ರವಾಸಗಳು ಅಪರೂಪ. ಆದರೆ ಅಷ್ಟರಲ್ಲೇ ಬಸ್ಸಿನ ಮಾರ್ಗದರ್ಶಿ ಗಡಿಯಾರ ತೋರಿಸಿದ್ದರಿಂದ ಐಡೆ ಅತಿಥಿಗಳನ್ನು ಸತ್ಕರಿಸುತ್ತಿದ್ದ, ಗುಡ್ಡದ ಮೇಲಿನ 'ಅಡ್ಮಿನಿ' ಎಂಬ ಭವನವನ್ನು ಕೆಳಗಿನಿಂದಲೇ ಕೈಮಾಡಿ ತೋರಿಸಬೇಕಾಯಿತು. 1907ರಲ್ಲಿ ಸಿಯಾಮಿನ ದೊರೆ ಚುಲಾಲೊಂಗ್‌ಕೋರ್ನ್ ನೋಟೊಡ್ಡೆನ್‌ಗೆ ಬಂದಿದ್ದನೆಂಬುದನ್ನು ಅವರು ನಡೆಯುತ್ತ ನಡೆಯುತ್ತ ಹೇಳಿ ಮುಗಿಸಿದರು. ಹೊಸ ಕಾರ್ಖಾನೆಯನ್ನು ದೊರೆಗಳಿಗೆ ಪ್ರದರ್ಶನವಾಗಿ ತೋರಿಸುವುದು ಐಡೆಯ ವ್ಯವಹಾರದ ಒಂದು ಮುಖ್ಯ ಅಂಗ. ಆ ಭವನವನ್ನು ಒಳಹೊಕ್ಕು ನೋಡಿದ್ದರೆ ಅವನ ಸ್ವಭಾವ ಹೆಚ್ಚು ತಿಳಿಯುತ್ತಿತ್ತು.

ಇಲ್ಲಿಂದ ರ್ಯೂಕಾನ್ ಕಡೆಗೆ ಹೊರಟ ಬಸ್ಸಿನಲ್ಲಿ ಮತ್ತೆ ಮೊದಲಿನ ಮಾರ್ಗದರ್ಶಿಯ ಮಾತು. ಐಡೆಯನ್ನು ಅವರು ಪದೇ ಪದೇ "ಸಂಶೋಧಕ" ಎಂದರು. ಬಿರ್ಕೆಲಾಂಡ್-ಐಡೆ ವಿಧಾನ ಎಂಬ ಹೆಸರಿನಲ್ಲಿ ಅವನ ಹೆಸರಿದೆ ನಿಜ. ಆದರೆ ಕುಲುಮೆಯ ಮೂಲ ಕಲ್ಪನೆ ಬಿರ್ಕೆಲಾಂಡನದು. ಐಡೆ ಕಟ್ಟಡ ಎಂಜಿನಿಯರ್. ಅವನ ಪ್ರತಿಭೆ ಇದ್ದದ್ದು ಬೇರೆ ಕಡೆ, ಮತ್ತು ಅದು ಸಣ್ಣದೇನಲ್ಲ. ಜಲಪಾತದ ಹಕ್ಕು ನಾರ್ವೆಯಲ್ಲಿ, ಮೊದಲ ಹಣ ಸ್ವೀಡನ್ನಿನ ವಾಲೆನ್‌ಬರ್ಗ್ ಎಂಬ ಬ್ಯಾಂಕರ್ ಕುಟುಂಬದಿಂದ, ದೊಡ್ಡ ಬಂಡವಾಳ ಪ್ಯಾರಿಸ್ಸಿನ ಬ್ಯಾಂಕಿನಿಂದ, ಯಂತ್ರಜ್ಞಾನ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕನಿಂದ. ಇವನ್ನೆಲ್ಲ ಒಂದೇ ಕಾಗದದ ಮೇಲೆ ಸಹಿ ಹಾಕಿಸಿದ್ದು ಐಡೆ. 1904ರಲ್ಲಿ ಮುಂದೆ ಎಲ್ಕೆಮ್ ಎಂದು ಹೆಸರಾದ ಕಂಪನಿ, 1905ರ ಡಿಸೆಂಬರ್ 2ರಂದು ನಾರ್ಸ್ಕ್ ಹೈಡ್ರೋ. ಆ ವರ್ಷದ ಜೂನ್ ತಿಂಗಳಲ್ಲಿ ನಾರ್ವೆ ಸ್ವೀಡನ್ನಿನೊಡನೆ ಇದ್ದ ಒಕ್ಕೂಟವನ್ನು ಮುರಿದುಕೊಂಡಿತ್ತು, ಎರಡು ದೇಶಗಳ ನಡುವೆ ಯುದ್ಧವಾದೀತೆಂಬ ಭಯವೂ ಇತ್ತು. ಅಂಥ ವರ್ಷದಲ್ಲಿ ಸ್ಟಾಕ್‌ಹೋಮಿನ ಬ್ಯಾಂಕರನ್ನು ತನ್ನ ಹೊಸ ಕಂಪನಿಯ ಅಧ್ಯಕ್ಷನಾಗಿ ಕೂರಿಸಿಕೊಂಡ ನಾರ್ವೆಯವನ ಬಗ್ಗೆ ಮಾತಾಡಲು ಎಷ್ಟೊಂದು ಇದೆ! ವಿದೇಶಿ ಹಣ ನಮ್ಮ ಜಲಪಾತಗಳನ್ನು ನುಂಗುತ್ತಿದೆ ಎಂಬ ಕೂಗು ಎದ್ದು, 1906ರಲ್ಲೇ ಸಂಸತ್ತು ಅವಸರದ ಒಂದು ಕಾಯ್ದೆಯನ್ನು ತಂದು, 1909ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದ್ದು ಐಡೆಯಂಥವರನ್ನು ನೋಡಿಯೇ. ಬಸ್ಸಿನಲ್ಲಿ ಇದರ ಒಂದು ಮಾತೂ ಬರಲಿಲ್ಲ.

ಇನ್ನೊಂದು ತಪ್ಪನ್ನು ನಾನು ಅಲ್ಲೇ ತಿದ್ದಬೇಕಾಯಿತು. ಆ ಕಾಲದಲ್ಲಿ ವಿದ್ಯುತ್ತನ್ನು ದೂರ ಸಾಗಿಸುವುದು ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದಲೇ ಐಡೆ ಕಾರ್ಖಾನೆಗಳನ್ನು ಜಲಪಾತದ ಬುಡಕ್ಕೇ ತಂದ ಎಂದರು ಮಾರ್ಗದರ್ಶಿ. 1902ರಲ್ಲೇ ಶಿವನಸಮುದ್ರದಿಂದ ನಮ್ಮ ಜಿಲ್ಲೆಯ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ತಂದಿದ್ದರು ಎಂದು ನಾನು ಹೇಳಿದೆ. ಅವರು ಸೌಜನ್ಯದಿಂದಲೇ ಕೇಳಿಸಿಕೊಂಡರು. ಅಸಲು ಕಾರಣ ಬೇರೆ: ಈ ಕುಲುಮೆಗಳ ಹಸಿವೇ ಹಾಗಿತ್ತು. ಒಂದು ಟನ್ ನೈಟ್ರಿಕ್ ಆಮ್ಲಕ್ಕೆ ಸುಮಾರು 15,000 ಯೂನಿಟ್ ವಿದ್ಯುತ್ ಬೇಕು; ತಿಂಗಳಿಗೆ ನೂರು ಯೂನಿಟ್ ಸುಡುವ ಮನೆಯೊಂದಕ್ಕೆ ಹನ್ನೆರಡು ವರ್ಷ ಸಾಲುವಷ್ಟು. ವಿದ್ಯುತ್ ಬಹುತೇಕ ಪುಕ್ಕಟೆ ಎನ್ನುವಷ್ಟು ಅಗ್ಗವಾಗಿ ಸಿಗುವ ಕಡೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ. ಐಡೆಯ ಇಡೀ ಸಾಮ್ರಾಜ್ಯ ನಿಂತದ್ದೂ, ಮುಂದೆ ಅಲುಗಿದ್ದೂ ಇದೇ ಲೆಕ್ಕದ ಮೇಲೆ.

ಟಿನ್ ಸರೋವರದ ದಂಡೆಯ ಹಾದಿ ಸುಂದರವಾಗಿದೆ, ಅಲ್ಲಿ ಬಸ್ಸು ನಿಲ್ಲುವುದಿಲ್ಲ. 1909ರಲ್ಲಿ ಐಡೆಯ ಕಂಪನಿ ಕಟ್ಟಿಸಿದ ರೈಲುಮಾರ್ಗ ಸರೋವರದ ಒಂದು ತುದಿಗೆ ಬಂದು ನಿಂತು, ಗೊಬ್ಬರ ತುಂಬಿದ ಬೋಗಿಗಳು ದೋಣಿಯೇರಿ ನೀರು ದಾಟಿ, ಆಚೆ ದಡದಲ್ಲಿ ಮತ್ತೆ ಹಳಿ ಹಿಡಿಯುತ್ತಿದ್ದವು; 1991ರವರೆಗೂ ಈ ಏರ್ಪಾಡು ನಡೆದಿತ್ತು. ಮೇಲ್ ಎಂಬ ಕಡೆ ಹಳೆಯ ಉಗಿ ದೋಣಿ 'ಅಮೋನಿಯಾ' ಇನ್ನೂ ಕಟ್ಟಿಕೊಂಡು ನಿಂತಿದೆ. ಓಡುವ ಬಸ್ಸಿನಿಂದ ಅದರ ಚಿಮಣಿ ಕಂಡಿತೆಂದು ಹೇಳಿಕೊಳ್ಳಬಹುದು.

ಊಟದ ಬಗ್ಗೆ ಎರಡು ಮಾತು. ಸಸ್ಯಾಹಾರ ಬೇಕೆಂದು ಟಿಕೆಟ್ ಕೊಳ್ಳುವಾಗಲೇ ಬರೆದಿದ್ದೆ. ರ್ಯೂಕಾನ್‌ನ ಊಟದ ಮನೆಯಲ್ಲಿ ನನ್ನ ಮುಂದೆ ಬಂದದ್ದು ಬೇಯಿಸಿದ ಆಲೂಗಡ್ಡೆ, ಅದರ ಪಕ್ಕ ಸಾಲ್ಮನ್ ಮೀನು. ಮೀನನ್ನು ಎತ್ತಿ ಪಕ್ಕದವರಿಗೆ ಕೊಟ್ಟು ಆಲೂಗಡ್ಡೆ ತಿಂದೆ. ಚೀಲದಲ್ಲಿ ಅವಲಕ್ಕಿ ಇದ್ದದ್ದು ಉಳಿಸಿತು.

ರ್ಯೂಕಾನ್ ಕಣಿವೆ ಎಷ್ಟು ಕಡಿದಾಗಿದೆಯೆಂದರೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಊರಿನ ತಳಕ್ಕೆ ಬಿಸಿಲೇ ತಾಕುವುದಿಲ್ಲ. ಕೆಲವೇ ಒಕ್ಕಲುಗಳಿದ್ದ ಆ ಕಡೆಗೆ ಐಡೆಯ ಕಂಪನಿ ಬಂದು, ಸಾವಿರಾರು ಕೂಲಿಗಳನ್ನು ಕರೆತಂದು, ಮನೆ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಕಟ್ಟಿಸಿ, ಹತ್ತು ಹದಿನೈದು ವರ್ಷಗಳಲ್ಲಿ ಹತ್ತು ಸಾವಿರಕ್ಕೆ ಸಮೀಪದ ಜನರ ಊರನ್ನು ಮಾಡಿತು. ಬಿಸಿಲು ಹೆಚ್ಚು ಹೊತ್ತು ಬೀಳುವ ಇಳಿಜಾರಿನಲ್ಲಿ ಅಧಿಕಾರಿಗಳ ಮನೆಗಳಿವೆ. ಬಿಸಿಲನ್ನೂ ಹುದ್ದೆಯ ಪ್ರಕಾರ ಹಂಚಿದ ಊರು ಇದು ಎಂದು ನೋಡುತ್ತಲೇ ತಿಳಿಯುತ್ತದೆ. 1913ರಲ್ಲಿ ಆಸ್ಕರ್ ಕಿಟಿಲ್‌ಸೆನ್ ಎಂಬ ಲೆಕ್ಕಪತ್ರದ ನೌಕರ, ಬೆಟ್ಟದ ಮೇಲೆ ಕನ್ನಡಿಯಿಟ್ಟು ಬಿಸಿಲನ್ನು ಊರೊಳಗೆ ಬೀಳಿಸಬಾರದೇಕೆ ಎಂದು ಸ್ಥಳೀಯ ಪತ್ರಿಕೆಯಲ್ಲಿ ಬರೆದ. ಐಡೆಗೂ ಆ ಯೋಚನೆ ಹಿಡಿಸಿತ್ತು, ಆದರೆ ಆಗ ಅದು ಆಗುವ ಮಾತಾಗಿರಲಿಲ್ಲ. ಬದಲಿಗೆ ಹೈಡ್ರೋ 1928ರಲ್ಲಿ, ಐಡೆ ಅಲ್ಲಿಂದ ಹೋಗಿ ದಶಕ ಕಳೆದ ಮೇಲೆ, ಜನ ಬಿಸಿಲಿಗೆ ಹತ್ತಿಹೋಗಲೆಂದು ಕ್ರೊಸ್ಸೊಬಾನೆನ್ ಎಂಬ ತಂತಿರಥವನ್ನು ಊರಿಗೆ ಕೊಡುಗೆಯಾಗಿ ಕೊಟ್ಟಿತು. ಕನ್ನಡಿ ಬಂದದ್ದು 2013ರಲ್ಲಿ.

ನಾವು ಚೌಕಕ್ಕೆ ಬಂದಾಗ ಎರಡು ಗಂಟೆ. ಇಡೀ ಊರು ನೀಲಿ ನೆರಳಿನಲ್ಲಿತ್ತು. 450 ಮೀಟರ್ ಎತ್ತರದ ಬೆಟ್ಟದಂಚಿನಲ್ಲಿ ತಲಾ 17 ಚದರ ಮೀಟರಿನ ಮೂರು ಕನ್ನಡಿಗಳು ಕಣ್ಣು ಕೋರೈಸುತ್ತಿದ್ದವು, ಮತ್ತು ಚೌಕದ ನಡುವೆ ಸುಮಾರು 600 ಚದರ ಮೀಟರಿನಷ್ಟು ಜಾಗದಲ್ಲಿ ಮಾತ್ರ ಬಿಸಿಲು ಬಿದ್ದಿತ್ತು, ಕಂಬಳಿ ಹಾಸಿದಂತೆ. ಅದರ ಅಂಚು ಎಷ್ಟು ಸ್ಪಷ್ಟವೆಂದರೆ ಒಂದು ಕಾಲು ನೆರಳಿನಲ್ಲಿ, ಇನ್ನೊಂದು ಬಿಸಿಲಿನಲ್ಲಿ ಇಟ್ಟು ನಿಲ್ಲಬಹುದು. ಕೈಯ ಕೂದಲಿಗೆ ಬಿಸಿ ತಾಕುತ್ತದೆ, ಹಿಮ್ಮಡಿ ಚಳಿಗೆ ಮರಗಟ್ಟುತ್ತದೆ. ಒಬ್ಬ ತಾಯಿ ಮಗುವಿನ ಗಾಡಿಯನ್ನು ಬೆಳಕು ಸರಿದಂತೆಲ್ಲ ಸ್ವಲ್ಪ ಸ್ವಲ್ಪವೇ ಸರಿಸುತ್ತಿದ್ದಳು. ಐಡೆಯ ಕಂಚಿನ ಪ್ರತಿಮೆ ಇದೇ ಚೌಕದಲ್ಲಿದೆ. ಅದನ್ನು 1920ರಲ್ಲಿ, ಅವನು ಬದುಕಿದ್ದಾಗಲೇ ನಿಲ್ಲಿಸಿದ್ದು. ಇಲ್ಲಿ ನಮಗೆ ಕೊಟ್ಟದ್ದು ಇಪ್ಪತ್ತು ನಿಮಿಷ. ಮಾರ್ಗದರ್ಶಿ ಅಲ್ಲಿ ಏನೂ ಹೇಳದೆ ಸುಮ್ಮನಿದ್ದದ್ದು ಅವರು ಆ ದಿನ ಮಾಡಿದ ಅತ್ಯಂತ ಸರಿಯಾದ ಕೆಲಸ.

ಕೊನೆಯ ನಿಲ್ದಾಣ ವೆಮೊರ್ಕ್. ಕಮರಿಯ ಮೇಲಿನ ತೂಗುಸೇತುವೆಯನ್ನು ದಾಟಿ ಏರು ಹಾದಿ ಹತ್ತಿದರೆ, ಕೋಟೆಯಂತೆ ಕಾಣುವ ಕಲ್ಲಿನ ವಿದ್ಯುದಾಗಾರ. 1911ರಲ್ಲಿ ಇದು ಆರಂಭವಾದಾಗ 108 ಮೆಗಾವ್ಯಾಟಿನೊಂದಿಗೆ ಜಗತ್ತಿನಲ್ಲೇ ಅತಿ ದೊಡ್ಡದು. ರ್ಯೂಕಾನ್ ಎಂಬ ಹೆಸರೇ ಹೊಗೆಯಾಡುವ ಜಲಪಾತದಿಂದ ಬಂದದ್ದು. 104 ಮೀಟರ್ ಧುಮುಕುತ್ತಿದ್ದ ಆ ನೀರನ್ನು ಸುರಂಗಕ್ಕೆ ತಿರುಗಿಸಿ, ಬೆಟ್ಟದ ಮೇಲಿನಿಂದ ಹನ್ನೊಂದು ದಪ್ಪ ಕೊಳವೆಗಳಲ್ಲಿ ಇಳಿಸಿ, ಹತ್ತು ಯಂತ್ರಗಳನ್ನು ತಿರುಗಿಸಿದರು. ಆ ಹತ್ತೂ ಯಂತ್ರಗಳು ಇಂದಿಗೂ ದೇವಸ್ಥಾನದ ಪ್ರಾಕಾರದಷ್ಟು ಉದ್ದದ ಹಜಾರದಲ್ಲಿ ಸಾಲಾಗಿ ನಿಂತಿವೆ. ಒಂದು ತುದಿಯಲ್ಲಿ ನಿಂತು ನೋಡಿದರೆ ಕೊನೆಯ ಯಂತ್ರ ಗಿರಣಿಯ ಮೋಟಾರಿನಷ್ಟು ಸಣ್ಣದಾಗಿ ಕಾಣುತ್ತದೆ. ಹತ್ತಿರ ಹೋದರೆ ಅದರ ತಿರುಗಣಿ ನನ್ನ ತಲೆಯನ್ನು ಮೀರುತ್ತದೆ. ಕೊಳವೆ ಕೂಡಿಸುವ ಬೋಲ್ಟುಗಳ ತಲೆಗಳು ಒಂದೊಂದೂ ಮುಷ್ಟಿಯಷ್ಟು. 1971ರಲ್ಲಿ ನಿಂತುಹೋದ ಈ ಆಗಾರ 1988ರಿಂದ ಕೈಗಾರಿಕಾ ಕಾರ್ಮಿಕರ ವಸ್ತುಸಂಗ್ರಹಾಲಯವಾಗಿದೆ. 2015ರಲ್ಲಿ ಎರಡೂ ಊರುಗಳ ಕೈಗಾರಿಕಾ ಕಟ್ಟಡಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಆ ಹಜಾರವನ್ನು ಒಂದು ಸುತ್ತು ನಡೆದರೆ ಸಾಕು, ಐಡೆ ಎಷ್ಟು ದೊಡ್ಡ ಪಣವೊಡ್ಡಿದ್ದನೆಂದು ಯಾರೂ ವಿವರಿಸುವ ಅಗತ್ಯವಿಲ್ಲ.

ನನ್ನ ಮುಖ್ಯ ದೂರು ಇಲ್ಲಿದೆ. ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ನಮ್ಮ ಮಾರ್ಗದರ್ಶಿ ಎರಡನೆಯ ಮಹಾಯುದ್ಧದ ಕಥೆಯನ್ನೇ ಹೇಳಿದರು. ಪಕ್ಕದ ಹೈಡ್ರೋಜನ್ ಘಟಕದಲ್ಲಿ 1934ರಿಂದ ಭಾರಜಲ (ಪರಮಾಣು ಸಂಶೋಧನೆಗೆ ಬೇಕಾದ, ಭಾರವಾದ ಹೈಡ್ರೋಜನ್ ಇರುವ ನೀರು) ತಯಾರಾಗುತ್ತಿದ್ದದ್ದು, 1943ರ ಫೆಬ್ರವರಿಯಲ್ಲಿ ನಾರ್ವೆಯ ಯೋಧರು ಕಮರಿ ಹತ್ತಿ ಬಂದು ಅದನ್ನು ಸ್ಫೋಟಿಸಿದ್ದು, ಮರುವರ್ಷ ಸರೋವರದಲ್ಲಿ ದೋಣಿಯನ್ನು ಮುಳುಗಿಸಿದ್ದು ರೋಚಕವೇ, ಮತ್ತು ಹೆಚ್ಚಿನ ಪ್ರವಾಸಿಗಳು ಬರುವುದೂ ಅದಕ್ಕೇ ಇರಬಹುದು. ಆದರೆ ಭಾರಜಲ ಶುರುವಾಗುವ ಹೊತ್ತಿಗೆ ಐಡೆ ಹೈಡ್ರೋ ಬಿಟ್ಟು ಹದಿನೈದು ವರ್ಷಗಳಿಗೂ ಹೆಚ್ಚು, ಸ್ಫೋಟದ ಹೊತ್ತಿಗೆ ಅವನು ಸತ್ತು ಎರಡೂವರೆ ವರ್ಷ. ಮದುಮಗನ ಹೆಸರಿನಲ್ಲಿ ಕರೆದು ಬೇರೆ ಮದುವೆ ತೋರಿಸಿದಂತಾಯಿತು. ಅದೇ ಹಜಾರದಲ್ಲಿ ನಿಂತು ಹೇಳಬಹುದಾಗಿದ್ದ ಐಡೆಯ ಕಥೆ ಇನ್ನಷ್ಟು ಕುತೂಹಲದ್ದು. 1906ರಿಂದ ಅವನ ಜೊತೆ ಪಾಲುದಾರರಾಗಿದ್ದ ಜರ್ಮನಿಯ ಬಿಎಎಸ್ಎಫ್ ಎಂಬ ರಾಸಾಯನಿಕ ಕಂಪನಿಯವರು 1911ರಲ್ಲಿ, ಅಂದರೆ ವೆಮೊರ್ಕ್ ಆರಂಭವಾದ ವರ್ಷವೇ, ತಮ್ಮ ಪಾಲು ಬಿಟ್ಟು ಹೊರನಡೆದರು. ಅವರ ಕೈಗೆ ಆಗಲೇ ಜರ್ಮನ್ ರಸಾಯನವಿಜ್ಞಾನಿ ಫ್ರಿಟ್ಸ್ ಹಾಬರ್ ಮಾಡಿ ತೋರಿಸಿದ, ಗಾಳಿಯ ಸಾರಜನಕವನ್ನು ಹೈಡ್ರೋಜನ್ನಿನೊಡನೆ ಕೂಡಿಸುವ ಅಮೋನಿಯಾ ವಿಧಾನ ಸಿಕ್ಕಿತ್ತು. ಅದಕ್ಕೆ ಕುಲುಮೆಯ ವಿಧಾನದ ಒಂದು ಸಣ್ಣ ಪಾಲಿನಷ್ಟು ಶಕ್ತಿ ಸಾಕು. 1913ರಲ್ಲಿ ಓಪೌ ಎಂಬಲ್ಲಿ ಅವರ ಕಾರ್ಖಾನೆ ಕೆಲಸ ಶುರುಮಾಡಿತು. ಜಗತ್ತಿನ ಅತಿ ದೊಡ್ಡ ವಿದ್ಯುದಾಗಾರದ ರಿಬ್ಬನ್ ಕತ್ತರಿಸುವ ಹೊತ್ತಿಗೇ, ಅದು ಯಾವುದಕ್ಕಾಗಿ ಹುಟ್ಟಿತ್ತೋ ಆ ವಿಧಾನ ಹಳತಾಗತೊಡಗಿತ್ತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿಗೆ ಅಮೋನಿಯಂ ನೈಟ್ರೇಟ್ ಮಾರಿ ಕಂಪನಿ ಚೆನ್ನಾಗಿ ಗಳಿಸಿತು, 1920ರ ದಶಕದ ಕೊನೆಗೆ ತಾನೇ ಹಾಬರ್ ವಿಧಾನಕ್ಕೆ ತಿರುಗಿತು. ಕಾಲಕ್ಕೆ ತಕ್ಕಂತೆ ಕೆಲಸ ಬದಲಿಸಿಕೊಳ್ಳಲು ಅದರ ಬಳಿ ಉಳಿದದ್ದು ಐಡೆ ಕೊಂಡಿಟ್ಟಿದ್ದ ನೀರು.

ವಾಪಸು ಹಾದಿಯಲ್ಲಿ ಅವನ ಕೊನೆಯ ವರ್ಷಗಳ ಬಗ್ಗೆ ಹೇಳುತ್ತಾರೆಂದು ಕಾದೆ. ಬಸ್ಸಿನ ದೀಪ ಆರಿಸಿ ಸಂಗೀತ ಹಾಕಿದರು. ಹೇಳಬೇಕಾದದ್ದು ಸಾಕಷ್ಟಿತ್ತು. ಬಿರ್ಕೆಲಾಂಡನ ಜೊತೆಗಿನ ಸ್ನೇಹ ಕೆಟ್ಟದ್ದು, ಅವನ ಹೆಸರು ನೊಬೆಲ್ ಪ್ರಶಸ್ತಿಗೆ ಸೂಚಿತವಾದಾಗ ಐಡೆ ತನಗೂ ಅದರಲ್ಲಿ ಪಾಲು ಬೇಕೆಂದು ಹಟ ಹಿಡಿದದ್ದು, ಇಬ್ಬರಿಗೂ ಬಾರದೇ ಹೋದದ್ದು, ಬಿರ್ಕೆಲಾಂಡ್ 1917ರಲ್ಲಿ ಟೋಕಿಯೋದ ಹೋಟೆಲಿನಲ್ಲಿ ಒಂಟಿಯಾಗಿ ಸತ್ತದ್ದು. ಅದೇ ಸುಮಾರಿಗೆ ಐಡೆಯೂ ತನ್ನ ಕಂಪನಿಯ ಮುಖ್ಯಸ್ಥನ ಸ್ಥಾನದಿಂದ ಇಳಿದ, ಸಂಸತ್ತಿಗೆ ಆಯ್ಕೆಯಾದ, 1920ರಿಂದ ಮೂರು ವರ್ಷ ವಾರ್ಸಾದಲ್ಲಿ ನಾರ್ವೆಯ ರಾಯಭಾರಿಯಾಗಿದ್ದ, 1939ರಲ್ಲಿ ಆತ್ಮಕಥೆ ಪ್ರಕಟಿಸಿದ. 1940ರ ಜೂನ್ 10ರಂದು ನಾರ್ವೆಯ ಸೇನೆ ಜರ್ಮನರಿಗೆ ಶರಣಾಯಿತು. ಅದಾದ ಹನ್ನೊಂದನೆಯ ದಿನ ಓಸ್ಗೋರ್‌ಸ್ಟ್ರಾಂಡ್‌ನಲ್ಲಿ ಐಡೆ ತೀರಿಕೊಂಡ. ಜೀವನಚರಿತ್ರೆ ಹೇಳುತ್ತೇವೆಂದು ಹಣ ಪಡೆದವರು ಬದುಕಿನ ಕೊನೆಯ ಇಪ್ಪತ್ತಮೂರು ವರ್ಷಗಳನ್ನು ಹಾಡು ಹಾಕಿ ಮುಗಿಸಬಾರದು.

ಹಾಗಾದರೆ ಹೋಗಬಹುದೇ ಎಂದು ಕೇಳಿದರೆ: ಇಂಥ ಪ್ರವಾಸ ಆರಿಸುವ ಮೊದಲು ನೋಟೊಡ್ಡೆನ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಅಲ್ಲಿ ಸ್ಥಳೀಯರು ತೋರಿಸುತ್ತಾರೆಯೇ ಎಂದು ಕೇಳಿಕೊಳ್ಳಿ, ಹೌದಾದರೆ ಹಣಕ್ಕೆ ಮೋಸವಿಲ್ಲ. ಯುದ್ಧದ ಕಥೆಯೇ ಬೇಕೆನ್ನುವವರಿಗೆ ನಾನು ಹೋದ ಪ್ರವಾಸ ಹಾಗೇ ಸಾಕು, ಬಹುಶಃ ಸಂತೋಷವನ್ನೇ ಕೊಡುತ್ತದೆ. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಅದರಲ್ಲಿ ಎರಡು ಆ ಅಜ್ಜಿಗೆ. ಸ್ವಂತ ವಾಹನ ಇದ್ದವರು ಒಂದು ರಾತ್ರಿ ರ್ಯೂಕಾನ್‌ನಲ್ಲಿ ಉಳಿಯುವುದು ಮೇಲು. ಚಳಿಗಾಲದಲ್ಲಿ ಹೋಗುವುದಾದರೆ ಮೋಡವಿಲ್ಲದ ದಿನ ನೋಡಿ, ಮಧ್ಯಾಹ್ನದ ಹೊತ್ತಿಗೇ ಚೌಕ ಸೇರಿ, ಕುಳಿತುಕೊಳ್ಳಲು ಏನಾದರೂ ಹಾಸುವುದಕ್ಕೆ ತೆಗೆದುಕೊಂಡು ಹೋಗಿ. ಬೆಂಚಿನ ಮೇಲೆ ಬಿಸಿಲಿದ್ದರೂ ಮರ ಮಂಜುಗಡ್ಡೆಯಷ್ಟೇ ತಣ್ಣಗಿರುತ್ತದೆ.